ನಮ್ಮ ರಸಪ್ರಶ್ನೆಯಲ್ಲಿ ಎಡನೀರು ಏಕಿಲ್ಲ?



ಕಳೆದ ಗಣರಾಜ್ಯ ದಿನದ ಸಮಾರಂಭದಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಎಂದಿನಂತೆ ಧ್ವಜವಂದನೆ ಮುಗಿದು, ಮಕ್ಕಳ ನೃತ್ಯಗಳಾಗಿ, ಬಿಸಿಬೇಳೆಬಾತು ಬಡಿಸುವುದಕ್ಕೆ ಮೊದಲು ‘ಭಾರತ: ಸಾಮಾನ್ಯ ಜ್ಞಾನ’ ಎಂಬ ರಸಪ್ರಶ್ನೆ ನಡೆಯಿತು. ರಾಷ್ಟ್ರಪಕ್ಷಿ ಯಾವುದು, ರಾಷ್ಟ್ರಪ್ರಾಣಿ ಯಾವುದು, ಮೊದಲ ರಾಷ್ಟ್ರಪತಿ ಯಾರು ಎಂಬ ಪ್ರಶ್ನೆಗಳ ನಡುವೆ ‘ಭಾರತದ ರಾಷ್ಟ್ರಭಾಷೆ ಯಾವುದು?’ ಎಂಬುದೂ ಒಂದಾಗಿತ್ತು. ಹೆಚ್ಚಿನ ಮಕ್ಕಳು ‘ಹಿಂದಿ’ ಎಂದು ಬರೆದರು. ಹನ್ನೊಂದು ವರ್ಷದ ಹುಡುಗಿಯೊಬ್ಬಳು ‘ಯಾವುದೂ ಇಲ್ಲ’ ಎಂದು ಬರೆದಳು. ನಮ್ಮ ಕೈಯಲ್ಲಿದ್ದ ಉತ್ತರಗಳ ಪಟ್ಟಿಯಲ್ಲಿ ‘ಹಿಂದಿ’ ಎಂದೇ ಇದ್ದುದರಿಂದ ಆ ಮಗುವಿನ ಉತ್ತರಕ್ಕೆ ಅಡ್ಡಗೀಟು ಎಳೆದೆವು. ಒಂದು ಅಂಕದಿಂದ ಅವಳಿಗೆ ಬಹುಮಾನ ತಪ್ಪಿತು. ಊಟದ ಹೊತ್ತಿನಲ್ಲಿ ಅವಳ ತಾಯಿ ಬಂದು ಮೆಲ್ಲನೆ ಆಕ್ಷೇಪಿಸಿದಾಗ ‘ಹೋಗಲಿ ಬಿಡಿ, ಮಕ್ಕಳ ಆಟವಲ್ಲವೇ’ ಎಂದು ಸಮಾಧಾನ ಹೇಳಿ ಕಳುಹಿಸಿದೆವು.

ಮನೆಗೆ ಹೋದ ಮೇಲೆ ಭಾರತದ ಸಂವಿಧಾನವನ್ನು ತೆಗೆದು ನೋಡಿದೆವು. ಮಗುವಿನ ಉತ್ತರವೇ ಸರಿ. ದೇವನಾಗರಿ ಲಿಪಿಯ ಹಿಂದಿಯು ಒಕ್ಕೂಟದ ಅಧಿಕೃತ ಭಾಷೆ ಎಂದು 343ನೇ ವಿಧಿ ಹೇಳುತ್ತದೆ. ಅದು ಕೇಂದ್ರ ಸರ್ಕಾರದ ಆಡಳಿತಕ್ಕೆ ಸಂಬಂಧಿಸಿದ ಮಾತು. ‘ರಾಷ್ಟ್ರಭಾಷೆ’ ಎಂಬ ಸ್ಥಾನವನ್ನು ಸಂವಿಧಾನ ಯಾವ ಭಾಷೆಗೂ ಕೊಟ್ಟಿಲ್ಲ. ಎಂಟನೆಯ ಅನುಸೂಚಿಯಲ್ಲಿ ಕನ್ನಡವೂ ಸೇರಿ 22 ಭಾಷೆಗಳಿವೆ. 2010ರಲ್ಲಿ ಗುಜರಾತ್ ಹೈಕೋರ್ಟ್ ಕೂಡ ಹಿಂದಿಯನ್ನು ರಾಷ್ಟ್ರಭಾಷೆಯೆಂದು ಘೋಷಿಸಿದ ದಾಖಲೆ ಇಲ್ಲವೆಂದು ಹೇಳಿದೆ. ಕನ್ನಡವನ್ನು ಉಳಿಸಬೇಕೆಂದು ಪರದೇಶದಲ್ಲಿ ಕಟ್ಟಿಕೊಂಡ ಸಂಘವೊಂದು, ತನ್ನ ಭಾಷೆಗೆ ದೇಶದಲ್ಲಿರುವ ಸ್ಥಾನವನ್ನು ಸರಿಯಾಗಿ ತಿಳಿದಿದ್ದ ಕನ್ನಡದ ಮಗುವಿನ ಅಂಕವನ್ನು ಕಳೆಯಿತು. ಆ ಮಗುವಿನ ಮತ್ತು ಅವಳ ತಂದೆತಾಯಿಯರ ಕ್ಷಮೆಯನ್ನು ನಾವು ಇಲ್ಲಿ ಬಹಿರಂಗವಾಗಿ ಕೇಳುತ್ತೇವೆ. ಬಹುಮಾನವನ್ನು ಮುಂದಿನ ಸಮಾರಂಭದಲ್ಲಿ ವೇದಿಕೆಯ ಮೇಲೆಯೇ ಕೊಡಲಾಗುವುದು.

ಆದರೆ ಕ್ಷಮಾಪಣೆಯಿಂದ ವಿಷಯ ಮುಗಿಯುವುದಿಲ್ಲ. ಆ ಒಂದು ಉತ್ತರವನ್ನು ತಿದ್ದಲು ಕುಳಿತ ನಾವು ಉಳಿದ ಪ್ರಶ್ನೆಗಳನ್ನೂ ಮತ್ತೆ ಓದಿದೆವು. ಓದಿದಷ್ಟೂ ನಾಚಿಕೆಯಾಯಿತು. ನಮ್ಮ ಅಭಿಪ್ರಾಯವನ್ನು ನೇರವಾಗಿ ಹೇಳಿಬಿಡುತ್ತೇವೆ: ಭಾರತದ ಬಗೆಗೆ ಸಾಮಾನ್ಯ ಜ್ಞಾನವೆಂಬ ಹೆಸರಿನಲ್ಲಿ ನಾವು ಮಕ್ಕಳಿಗೆ ಕೊಡುತ್ತಿರುವುದು ಜ್ಞಾನವಲ್ಲ, ಗಿಣಿಪಾಠ. ಈಗಿರುವ ರೂಪದಲ್ಲಿ ಈ ರಸಪ್ರಶ್ನೆಯನ್ನು ನಿಲ್ಲಿಸಬೇಕು. ಇದನ್ನು ಇಷ್ಟು ವರ್ಷ ನಡೆಸಿಕೊಂಡು ಬಂದವರು ನಾವೇ ಆದ್ದರಿಂದ ಈ ಟೀಕೆ ಬೇರೆ ಯಾರ ಮೇಲೆಯೂ ಅಲ್ಲ.

ಮೊದಲನೆಯ ದೋಷ, ಉತ್ತರಗಳಲ್ಲಿ ಕೆಲವು ಸುಳ್ಳು. ರಾಷ್ಟ್ರಭಾಷೆಯ ಕಥೆಯನ್ನು ಹೇಳಿದ್ದಾಯಿತು. ‘ರಾಷ್ಟ್ರೀಯ ಕ್ರೀಡೆ ಯಾವುದು?’ ಎಂದು ಕೇಳಿ ‘ಹಾಕಿ’ ಎಂಬ ಉತ್ತರಕ್ಕೆ ಎಷ್ಟು ವರ್ಷ ಚಪ್ಪಾಳೆ ತಟ್ಟಿದ್ದೇವೆಯೋ ಲೆಕ್ಕವಿಲ್ಲ. 2012ರಲ್ಲಿ ಲಖನೌದ ಶಾಲಾ ಬಾಲಕಿಯೊಬ್ಬಳು ಮಾಹಿತಿ ಹಕ್ಕಿನ ಅಡಿಯಲ್ಲಿ ಇದೇ ಪ್ರಶ್ನೆಯನ್ನು ಸರ್ಕಾರಕ್ಕೆ ಕೇಳಿದಳು. ಯಾವ ಕ್ರೀಡೆಯನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ ಉತ್ತರಿಸಿತು. ದೊಡ್ಡವರು ತಲೆಮಾರುಗಳಿಂದ ಉರು ಹೊಡೆದು ಒಪ್ಪಿಸುತ್ತ ಬಂದದ್ದನ್ನು ಒಂದು ಮಗು ಒಂದು ಅರ್ಜಿಯಿಂದ ಪರೀಕ್ಷಿಸಿತು. ನಮ್ಮ ಮಕ್ಕಳಿಗೆ ಬೇಕಾದ ಸಾಮಾನ್ಯ ಜ್ಞಾನ ಆ ಅರ್ಜಿಯಲ್ಲಿದೆ.

ಇಲ್ಲಿ ಬೆಳೆಯುವ ಮಕ್ಕಳಿಗೆ ಇಂಥ ಸುಳ್ಳು ಇನ್ನೂ ತೊಂದರೆಯದು. ‘ನೀವು ಮನೆಯಲ್ಲಿ ಹಿಂದಿ ಮಾತಾಡುತ್ತೀರಾ?’ ಎಂದು ಜರ್ಮನ್ ಸಹಪಾಠಿಗಳು ಕೇಳುತ್ತಾರೆ. ‘ಇಲ್ಲ, ಕನ್ನಡ’ ಎಂದರೆ ‘ಅದು ಹಿಂದಿಯ ಉಪಭಾಷೆಯೇ?’ ಎಂಬುದು ಮುಂದಿನ ಪ್ರಶ್ನೆ. ಆಗ ಮಗು ತಲೆಯೆತ್ತಿ ಉತ್ತರಿಸಬೇಕಾದರೆ ಅದಕ್ಕೆ ಸಂವಿಧಾನದ ನಿಜಸ್ಥಿತಿ ಗೊತ್ತಿರಬೇಕು. ಜರ್ಮನಿಯ ಸಂವಿಧಾನವಾದ ‘ಗ್ರುಂಡ್‌ಗೆಜೆಟ್ಸ್’ ಕೂಡ ಜರ್ಮನ್ ಭಾಷೆಯನ್ನು ರಾಷ್ಟ್ರಭಾಷೆಯೆಂದು ಹೆಸರಿಸಿಲ್ಲ. ಇದೇ ದೇಶದ ಬೌಟ್ಸನ್ ಮತ್ತು ಕೊಟ್ಬುಸ್ ನಗರಗಳಲ್ಲಿ ಬೀದಿಯ ಹೆಸರುಗಳನ್ನು ಸೋರ್ಬಿಯನ್ ಭಾಷೆಯಲ್ಲಿಯೂ ಬರೆಯುತ್ತಾರೆ. ಇಷ್ಟು ತಿಳಿದ ಮಗು ತನ್ನ ಸಹಪಾಠಿಗೂ ಹೊಸದೊಂದನ್ನು ಕಲಿಸಬಲ್ಲದು.

ಎರಡನೆಯ ದೋಷ, ಸರಿಯಾದ ಉತ್ತರಗಳೂ ಟೊಳ್ಳು. ‘ರಾಷ್ಟ್ರಲಾಂಛನ ಯಾವುದು?’ ‘ಅಶೋಕನ ಸಿಂಹಸ್ತಂಭ.’ ಒಂದು ಅಂಕ, ಮುಂದಿನ ಪ್ರಶ್ನೆ. ಆ ಸಿಂಹಗಳು ಎಲ್ಲಿಂದ ಬಂದವು, ಅಶೋಕನೆಂಬ ಹೆಸರು ನಮಗೆ ತಿಳಿದದ್ದಾದರೂ ಹೇಗೆ ಎಂದು ನಾವು ಎಂದೂ ಕೇಳಿಲ್ಲ. ಸಾರನಾಥದಲ್ಲಿ 1904-05ರ ಉತ್ಖನನದಲ್ಲಿ ಆ ಸಿಂಹಶಿಖರವನ್ನು ಮಣ್ಣಿನಿಂದ ಹೊರತೆಗೆಸಿದ ಎಂಜಿನಿಯರ್ ಫ್ರೀಡ್ರಿಷ್ ಓಸ್ಕರ್ ಓರ್ಟೆಲ್. ಅವರು ಹುಟ್ಟಿದ್ದು ಜರ್ಮನಿಯ ಹನೋವರ್‌ನಲ್ಲಿ. ಸ್ತಂಭ ಸಿಕ್ಕಿತು, ಆದರೆ ದೇಶದ ಉದ್ದಗಲಕ್ಕೂ ದೊರೆತ ಶಾಸನಗಳಲ್ಲಿ ಅರಸನ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಅವನೇ ಬೌದ್ಧ ಗ್ರಂಥಗಳ ಅಶೋಕನೆಂಬುದಕ್ಕೆ ಶಾಸನದ ಸಾಕ್ಷಿ ಸಿಕ್ಕಿದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಚಿನ್ನದ ಗಣಿಯ ಎಂಜಿನಿಯರ್ ಒಬ್ಬರ ಕಣ್ಣಿಗೆ ಬಿದ್ದ ಆ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರೇ ಕೊರೆದಿತ್ತು. ಅದನ್ನು ಮೊದಲು ಓದಿ ಪ್ರಕಟಿಸಿದವರು ಎಚ್. ಕೃಷ್ಣಶಾಸ್ತ್ರಿ. 1925ರಲ್ಲಿ ಅಶೋಕನ ಶಾಸನಗಳನ್ನೆಲ್ಲ ಒಂದು ಸಂಪುಟಕ್ಕೆ ತಂದ ಓಯ್‌ಗನ್ ಹುಲ್ಟ್ಶ್ ಡ್ರೆಸ್ಡನ್‌ನಲ್ಲಿ ಹುಟ್ಟಿದ ವಿದ್ವಾಂಸ. ರಾಯಚೂರಿನ ಬಂಡೆಯೂ ಹನೋವರ್, ಡ್ರೆಸ್ಡನ್‌ಗಳೂ ಸೇರಿದ ಈ ಕಥೆಯನ್ನು ನಾವು ಒಂದು ಅಂಕಕ್ಕೆ ಮಾರಿಕೊಂಡಿದ್ದೇವೆ.

‘ರಾಷ್ಟ್ರಧ್ವಜದ ಬಣ್ಣಗಳು ಎಷ್ಟು?’ ಎಂಬ ಪ್ರಶ್ನೆಯ ಪಾಡೂ ಇದೇ. ಧ್ವಜದ ಖಾದಿಯನ್ನು ನೇಯುವ ಕೈಗಳು ಯಾರವು? ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ 1957ರ ನವೆಂಬರ್ 1ರಂದು ಸ್ಥಾಪಿತವಾದದ್ದು. ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯಲ್ಲಿ ನೇಯ್ದ ಬಟ್ಟೆ ಅಲ್ಲಿಗೆ ಬಂದು, ಬಣ್ಣ ಹಾಕಿಸಿಕೊಂಡು, ಅಳತೆಗೆ ಕತ್ತರಿಸಿ ಹೊಲಿಸಿಕೊಂಡು, ದೇಶದ ಸರ್ಕಾರಿ ಕಟ್ಟಡಗಳ ಮೇಲೆ ಏರುತ್ತದೆ. ಕೆಲಸ ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟು 2021ರ ಡಿಸೆಂಬರಿನಲ್ಲಿ ಧ್ವಜಸಂಹಿತೆಯನ್ನು ತಿದ್ದಿದಾಗ ಆ ಸಂಸ್ಥೆ ಪ್ರತಿಭಟಿಸಿತು. ನಮ್ಮ ಸಂಘದ ವೇದಿಕೆಯ ಮೇಲೆ ಹಾರುವುದು ಅಂತರ್ಜಾಲದಲ್ಲಿ ಅಗ್ಗಕ್ಕೆ ತರಿಸಿದ ಪಾಲಿಯೆಸ್ಟರ್ ಧ್ವಜ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

ಅದೇ ಧ್ವಜಕ್ಕಾಗಿ ಜೀವ ತೆತ್ತವರೂ ನಮ್ಮಲ್ಲಿದ್ದಾರೆ. ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ, 1938ರ ಏಪ್ರಿಲ್ 25ರಂದು, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು? ಅಂದಿನ ಸರ್ಕಾರ ಕಡಿಮೆ ಸಂಖ್ಯೆಯನ್ನು ಹೇಳಿತು. ಜನರ ನೆನಪು 30ಕ್ಕೂ ಹೆಚ್ಚು ಎನ್ನುತ್ತದೆ. ‘ಸಂಖ್ಯೆ ಎಷ್ಟು?’ ಎಂದು ಕೇಳಿದರೆ ರಸಪ್ರಶ್ನೆ. ‘ಎರಡು ಸಂಖ್ಯೆಗಳು ಏಕೆ ಇವೆ, ಯಾರು ಯಾವುದನ್ನು ಹೇಳಿದರು, ಏಕೆ ಹೇಳಿದರು?’ ಎಂದು ಕೇಳಿದರೆ ಇತಿಹಾಸ. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಈ ಎರಡನೆಯ ಪ್ರಶ್ನೆ ಹೆಚ್ಚಲ್ಲ. ಇಲ್ಲಿನ ಶಾಲೆಗಳು ಅವರಿಂದ ದಿನವೂ ಇಂಥದನ್ನೇ ಕೇಳುತ್ತವೆ.

ಮೂರನೆಯ ದೋಷವೇ ಎಲ್ಲಕ್ಕಿಂತ ದೊಡ್ಡದು. ನಮ್ಮ ಪ್ರಶ್ನೆಗಳಲ್ಲಿ ಹೆಮ್ಮೆ ಮಾತ್ರ ಇದೆ. ಭಾರತ ಎಡವಿದ್ದು, ಜಗಳವಾಡಿದ್ದು, ತನ್ನನ್ನು ತಾನು ತಿದ್ದಿಕೊಂಡದ್ದು ಯಾವುದೂ ಇಲ್ಲ.

ಜರ್ಮನಿಯ ಪೌರತ್ವ ಪರೀಕ್ಷೆಯನ್ನು ನಮ್ಮಲ್ಲಿ ಅನೇಕರು ಬರೆದಿದ್ದೇವೆ. 310 ಪ್ರಶ್ನೆಗಳ ಸಂಗ್ರಹದಿಂದ 33 ಪ್ರಶ್ನೆಗಳು ಬರುತ್ತವೆ. 17 ಸರಿಯಾದರೆ ಉತ್ತೀರ್ಣ. ಅದೂ ನಾಲ್ಕರಲ್ಲಿ ಒಂದನ್ನು ಗುರುತಿಸುವ ಪರೀಕ್ಷೆಯೇ. ನಾವೂ ಅದನ್ನು ಉರು ಹೊಡೆದೇ ಪಾಸಾದವರು. ಆದ್ದರಿಂದ ಅದನ್ನು ಆದರ್ಶವೆಂದು ಹೊಗಳುತ್ತಿಲ್ಲ. ಆದರೆ ಆ ಪಟ್ಟಿಯಲ್ಲಿ ಏನೇನಿತ್ತು, ನೆನಪಿಸಿಕೊಳ್ಳಿ. ನಾಜಿಗಳು ಎಂದಿನಿಂದ ಎಂದಿನವರೆಗೆ ಅಧಿಕಾರದಲ್ಲಿದ್ದರು? 1938ರ ನವೆಂಬರ್ 9ರಂದು ಏನಾಯಿತು? ಬರ್ಲಿನ್ ಗೋಡೆ ಯಾವಾಗ ಎದ್ದಿತು? ತನ್ನ ಪೌರನಾಗಲು ಬಂದವನ ಮುಂದೆ ಈ ದೇಶ ತನ್ನ ಅತಿ ಕೆಟ್ಟ ದಿನಗಳನ್ನು ತಾನೇ ಇಡುತ್ತದೆ. ಭಾರತವನ್ನು ಮಕ್ಕಳ ಮುಂದೆ ಇಡುವಾಗ ನಾವು ನವಿಲು ಮತ್ತು ಕಮಲಗಳಿಗೇ ನಿಲ್ಲುತ್ತೇವೆ.

1975ರ ಜೂನ್ 25ರ ರಾತ್ರಿ ಏನಾಯಿತೆಂದು ನಾವು ಎಂದಾದರೂ ಕೇಳಿದ್ದೇವೆಯೇ? ಅಂದು ಘೋಷಿತವಾದ ತುರ್ತು ಪರಿಸ್ಥಿತಿ 1977ರ ಮಾರ್ಚ್ 21ರವರೆಗೆ ಇತ್ತು. ವಿರೋಧ ಪಕ್ಷಗಳ ನಾಯಕರು ಸೆರೆಯಾದರು. ಪತ್ರಿಕೆಗಳ ಮೇಲೆ ಕತ್ತರಿ ಬಿತ್ತು. ಸಂಸತ್ತಿನ ಸಮಿತಿಯ ಕೆಲಸಕ್ಕಾಗಿ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಮುಂತಾದವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಯೇ ಇರಿಸಲಾಯಿತು. ‘ಸಂಸ್ಕಾರ’ ಚಿತ್ರದ ಚಂದ್ರಿಯಾಗಿ ನಮ್ಮ ಹಿರಿಯರ ನೆನಪಿನಲ್ಲಿ ಉಳಿದಿರುವ ಸ್ನೇಹಲತಾ ರೆಡ್ಡಿಯವರು 1976ರಲ್ಲಿ ಅದೇ ಜೈಲನ್ನು ಸೇರಿದರು. ಆಸ್ತಮಾದಿಂದ ನರಳುತ್ತಿದ್ದ ಅವರನ್ನು ತಿಂಗಳುಗಟ್ಟಲೆ ಸೆರೆಯಲ್ಲಿಟ್ಟು, ತೀರ ಹದಗೆಟ್ಟಾಗ ಹೊರಬಿಟ್ಟರು. ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಅವರ ಹೆಸರು ನಮ್ಮ ಯಾವ ರಸಪ್ರಶ್ನೆಯಲ್ಲಿಯೂ ಬಂದಿಲ್ಲ.

ಇದಕ್ಕೂ ನಾವು ಈಗಿರುವ ದೇಶಕ್ಕೂ ಸಂಬಂಧವಿದೆ. ಸಂವಿಧಾನ ರಚನಾ ಸಭೆಯಲ್ಲಿ 1949ರ ಆಗಸ್ಟ್ ತಿಂಗಳಲ್ಲಿ ತುರ್ತು ಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಅವುಗಳನ್ನು ಅತ್ಯಂತ ಕಟುವಾಗಿ ವಿರೋಧಿಸಿದವರಲ್ಲಿ ಒಬ್ಬರು ಎಚ್.ವಿ. ಕಾಮತ್. ಅವರು ಮಂಗಳೂರಿನಲ್ಲಿ ಹುಟ್ಟಿದವರು. ಜಗತ್ತಿನ ಪ್ರಜಾಪ್ರಭುತ್ವಗಳಲ್ಲಿ ಇದಕ್ಕೆ ಸಮೀಪದ ಉದಾಹರಣೆ ಜರ್ಮನಿಯ ವೈಮಾರ್ ಸಂವಿಧಾನವೊಂದೇ. ಅಲ್ಲಿ ಇಂಥ ಅಧಿಕಾರವನ್ನೇ ಬಳಸಿಕೊಂಡು ಹಿಟ್ಲರ್ ಆ ಸಂವಿಧಾನವನ್ನು ನಾಶಮಾಡಿದ ಎಂಬುದು ಅವರ ಎಚ್ಚರಿಕೆಯ ಸಾರಾಂಶ. ಮಾತು ಆಧಾರವಿಲ್ಲದ್ದಲ್ಲ. 1933ರ ಫೆಬ್ರುವರಿ 28ರಂದು ನಾಗರಿಕ ಹಕ್ಕುಗಳನ್ನು ಅಮಾನತಿನಲ್ಲಿಟ್ಟ ಆಜ್ಞೆ ಹೊರಟಿದ್ದು ವೈಮಾರ್ ಸಂವಿಧಾನದ 48ನೇ ವಿಧಿಯ ಬಲದಿಂದಲೇ. ಕಾಮತರ ಮಾತನ್ನು ಸಭೆ ಒಪ್ಪಲಿಲ್ಲ. 26 ವರ್ಷಗಳ ಬಳಿಕ ಅದು ನಿಜವಾಯಿತು.

ಹೆಮ್ಮೆಯನ್ನು ಮಾತ್ರ ಕಲಿತ ಮಗು ಈ ನೆಲದಲ್ಲಿ ಎಷ್ಟು ಬೇಗ ಮುಗ್ಗರಿಸುತ್ತದೆ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇವೆ. ‘ಜನ ಗಣ ಮನ’ವನ್ನು ರಾಷ್ಟ್ರಗೀತೆಯೆಂಬ ಗೌರವದಿಂದ ಹ್ಯಾಂಬರ್ಗ್‌ನಲ್ಲಿ 1942ರ ಸೆಪ್ಟೆಂಬರ್ 11ರಂದೇ ನುಡಿಸಲಾಗಿತ್ತು ಎಂದು ನಮ್ಮ ಸಮಾರಂಭಗಳಲ್ಲಿ ಸಂಭ್ರಮದಿಂದ ಹೇಳುತ್ತೇವೆ. ನಿಜವೇ, ಜರ್ಮನ್-ಭಾರತೀಯ ಸಂಘದ ಉದ್ಘಾಟನೆಯ ಆ ಸಭೆಯಲ್ಲಿ ಸುಭಾಷ್‌ಚಂದ್ರ ಬೋಸರು ಇದ್ದರು. ಆದರೆ ಅದೇ ಹ್ಯಾಂಬರ್ಗ್‌ನಿಂದ ಯಹೂದಿಗಳನ್ನು ರೈಲುಗಳಲ್ಲಿ ತುಂಬಿ ಸಾಗಿಸುವುದು 1941ರ ಅಕ್ಟೋಬರಿನಲ್ಲಿಯೇ ಮೊದಲಾಗಿತ್ತು. ಈ ಮಾತನ್ನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿದ ಮಗುವಿಗೆ ‘ಆ ಸಭೆ ಯಾರ ಆಶ್ರಯದಲ್ಲಿ ನಡೆಯಿತು?’ ಎಂದು ಶಿಕ್ಷಕಿ ಕೇಳಿದರೆ ಅದು ಏನು ಹೇಳಬೇಕು? ವಸಾಹತು ದೇಶದ ನಾಯಕನೊಬ್ಬ ತನ್ನ ಜನರ ಬಿಡುಗಡೆಗಾಗಿ ಯಾರ ಬಾಗಿಲನ್ನಾದರೂ ತಟ್ಟಬಹುದೇ ಎಂಬುದು ದೊಡ್ಡವರನ್ನೂ ಕಾಡುವ ಪ್ರಶ್ನೆ. ಬೋಸರನ್ನು ಗೌರವಿಸುತ್ತಲೇ ಆ ಪ್ರಶ್ನೆಯನ್ನು ಎದುರಿಸಲು ನಾವು ಮಕ್ಕಳನ್ನು ಸಿದ್ಧಗೊಳಿಸಬಹುದು. ಮನೆಯಲ್ಲಿ ಸಿದ್ಧಗೊಳಿಸದಿದ್ದರೆ ತರಗತಿಯಲ್ಲಿ ಅದು ಒಂಟಿಯಾಗಿ ಎದುರಿಸಬೇಕಾಗುತ್ತದೆ.

ಈಗ ಶೀರ್ಷಿಕೆಗೆ ಬರುತ್ತೇವೆ. ಭಾರತದ ರಾಷ್ಟ್ರಜೀವನ, ಕನ್ನಡದ ನೆಲ, ಜರ್ಮನಿ ಈ ಮೂರೂ ಒಂದೇ ಕಡೆ ಸೇರುವ ವಿಷಯವೊಂದನ್ನು ಆರಿಸಿರಿ ಎಂದು ಯಾರಾದರೂ ಕೇಳಿದರೆ ಕಿಟೆಲ್ಲರ ನಿಘಂಟನ್ನೋ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವನ್ನೋ ಹೆಸರಿಸಿ ಸುಮ್ಮನಾಗುತ್ತೇವೆ. ಅವರಿಗೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಇಂದಿಗೂ ಪ್ರತಿಯೊಬ್ಬ ಭಾರತೀಯನ ಹಕ್ಕುಗಳಿಗೆ ಕಾವಲಾಗಿ ನಿಂತಿರುವ ಒಂದು ತೀರ್ಪಿನಲ್ಲಿ ಈ ಮೂರೂ ಸೇರಿವೆ, ಮತ್ತು ಅದರ ಹೆಸರು ನಮ್ಮ ಮಕ್ಕಳಿಗಿರಲಿ, ನಮ್ಮಲ್ಲಿ ಅನೇಕರಿಗೂ ತಿಳಿಯದು.

ಕಾಸರಗೋಡಿನ ಸಮೀಪದ ಎಡನೀರು ಮಠ ಕನ್ನಡದ ಮಠ. 1956ರ ನವೆಂಬರ್ 1ರಂದು, ನಾವು ರಾಜ್ಯೋತ್ಸವವೆಂದು ಸಂಭ್ರಮಿಸುವ ಅದೇ ದಿನ, ಕಾಸರಗೋಡು ಕೇರಳಕ್ಕೆ ಸೇರಿತು. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಗೆ ಕುತ್ತು ಬಂದಾಗ ಮಠಾಧೀಶರಾದ ಕೇಶವಾನಂದ ಭಾರತೀ ಸ್ವಾಮೀಜಿಯವರು 1970ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಯಕ್ಷಗಾನದ ಭಾಗವತಿಕೆಯನ್ನೂ ಬಲ್ಲ ಸ್ವಾಮಿಗಳು ಅವರು. ಮಠದ ಭೂಮಿಯ ಪ್ರಶ್ನೆ ಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ಬದಲಾಯಿಸಬಹುದು ಎಂಬ ದೇಶದ ಪ್ರಶ್ನೆಯಾಯಿತು. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿತು. 1973ರ ಏಪ್ರಿಲ್ 24ರಂದು, 7ಕ್ಕೆ 6ರ ಬಹುಮತದಿಂದ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ನಾಶಮಾಡುವಂತಿಲ್ಲ ಎಂಬ ತೀರ್ಪು ಹೊರಬಿತ್ತು. ಸ್ವಾಮೀಜಿಗೆ ಕೇಳಿದ ಪರಿಹಾರ ಸಿಗಲಿಲ್ಲ. ದೇಶಕ್ಕೆ ಒಂದು ಎಲ್ಲೆಗಲ್ಲು ಸಿಕ್ಕಿತು.

ಆ ವಿಚಾರದ ಒಂದು ಬೇರು ಜರ್ಮನಿಯಲ್ಲಿದೆ. ವೈಮಾರ್ ಸಂವಿಧಾನವನ್ನು ಹಿಟ್ಲರ್ ವಿಧಿವತ್ತಾಗಿ ರದ್ದು ಮಾಡಲೇ ಇಲ್ಲ. 1933ರ ಮಾರ್ಚ್‌ನಲ್ಲಿ ಸಂಸತ್ತಿನಲ್ಲಿ ಮೂರನೆಯ ಎರಡರಷ್ಟು ಬಹುಮತ ಪಡೆದು, ಶಾಸನ ಮಾಡುವ ಅಧಿಕಾರವನ್ನೇ ತನ್ನ ಸರ್ಕಾರಕ್ಕೆ ವರ್ಗಾಯಿಸಿಕೊಂಡ. ಆ ಅನುಭವದಿಂದ ಪಾಠ ಕಲಿತ ಜರ್ಮನರು 1949ರ ಗ್ರುಂಡ್‌ಗೆಜೆಟ್ಸ್‌ನ 79ನೇ ವಿಧಿಯಲ್ಲಿ, ಮಾನವನ ಘನತೆಯಂಥ ಕೆಲವು ತತ್ತ್ವಗಳನ್ನು ಯಾವ ಬಹುಮತವೂ ಮುಟ್ಟುವಂತಿಲ್ಲ ಎಂದು ಬರೆದುಕೊಂಡರು. ಹೈಡೆಲ್ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯ ಕಾನೂನು ವಿದ್ವಾಂಸ ಡೀಟ್ರಿಷ್ ಕೊನ್ರಾಡ್ 1965ರಲ್ಲಿ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಇದೇ ವಿಷಯವಾಗಿ ಉಪನ್ಯಾಸ ಮಾಡಿದರು. ತಿದ್ದುಪಡಿಯ ಅಧಿಕಾರವನ್ನು ಬಳಸಿ ಸಂವಿಧಾನವನ್ನೇ ಅಳಿಸಿ ಮೊಗಲ್ ಬಾದಶಾಹನ ಆಳ್ವಿಕೆಯನ್ನು ಮರಳಿ ತರಬಹುದೇ ಎಂಬಂಥ ಪ್ರಶ್ನೆಗಳನ್ನು ಅವರು ಎತ್ತಿದ್ದರು. ಹಿರಿಯ ವಕೀಲ ಎಂ.ಕೆ. ನಂಬಿಯಾರ್ ಆ ವಿಚಾರವನ್ನು 1967ರ ಗೋಲಕನಾಥ್ ಪ್ರಕರಣದಲ್ಲಿ ನ್ಯಾಯಾಲಯದ ಮುಂದಿಟ್ಟರು. ಎಡನೀರಿನ ಪ್ರಕರಣದಲ್ಲಿ ನಿರ್ಣಾಯಕವಾದ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ತೀರ್ಪು ಕೊನ್ರಾಡರನ್ನು ಹೆಸರಿಸಿಯೇ ಉಲ್ಲೇಖಿಸುತ್ತದೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ತೀರ್ಪು ಬಂದ ಬೆನ್ನಿಗೇ ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಬದಿಗೊತ್ತಿ ಅವರಿಗಿಂತ ಕಿರಿಯರೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಹಾಗೆ ಬದಿಗೊತ್ತಿಸಿಕೊಂಡು ರಾಜೀನಾಮೆ ಕೊಟ್ಟವರಲ್ಲಿ ನಮ್ಮ ಕರಾವಳಿಯ ಕೆ.ಎಸ್. ಹೆಗ್ಡೆ ಒಬ್ಬರು, ಮುಂದೆ 1977ರಲ್ಲಿ ಅವರೇ ಲೋಕಸಭೆಯ ಸ್ಪೀಕರ್ ಆದರು. ತುರ್ತು ಪರಿಸ್ಥಿತಿಯ ನಡುವೆಯೇ, 1975ರ ನವೆಂಬರಿನಲ್ಲಿ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯದ ಪರಿಶೀಲನೆಯಿಂದ ಹೊರಗಿಡಲು ಮಾಡಿದ ತಿದ್ದುಪಡಿಯ ಭಾಗವನ್ನು ಇದೇ ಮೂಲ ಸ್ವರೂಪದ ತತ್ತ್ವದ ಆಧಾರದಿಂದ ಸುಪ್ರೀಂ ಕೋರ್ಟು ಹೊಡೆದುಹಾಕಿತು. 1978ರ 44ನೇ ತಿದ್ದುಪಡಿಯು ತುರ್ತು ಪರಿಸ್ಥಿತಿಯಲ್ಲಿಯೂ ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿನ ರಕ್ಷಣೆಯನ್ನು ಅಮಾನತಿನಲ್ಲಿಡುವಂತಿಲ್ಲ ಎಂದು ಸಂವಿಧಾನದಲ್ಲಿಯೇ ಬರೆಯಿತು. 1994ರಲ್ಲಿ, ಪದಚ್ಯುತ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರ ಹೆಸರಿನ ಪ್ರಕರಣದಲ್ಲಿ, ರಾಜ್ಯ ಸರ್ಕಾರಗಳನ್ನು ಮನಬಂದಂತೆ ವಜಾ ಮಾಡುವುದಕ್ಕೆ ಕಡಿವಾಣ ಬಿತ್ತು. ಎಡನೀರಿನಿಂದ ಹುಬ್ಬಳ್ಳಿಯ ಬೊಮ್ಮಾಯಿಯವರೆಗೆ ಗಣರಾಜ್ಯದ ಬೇಲಿಗೂಟಗಳು ಕನ್ನಡಿಗರ ಹೆಸರುಗಳನ್ನು ಹೊತ್ತಿವೆ. ಗಣರಾಜ್ಯ ದಿನದಂದು ನಾವು ಕೇಳುವುದು ರಾಷ್ಟ್ರೀಯ ಹಣ್ಣು ಯಾವುದೆಂದು!

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆವು. ‘ಮಕ್ಕಳು ಚಿಕ್ಕವರು, ನಾಲ್ಕು ಹೆಸರು ಗೊತ್ತಾದರೆ ಸಾಕು’ ಎಂಬುದು ಮೊದಲನೆಯದು. ಆರು ವರ್ಷದ ಮಗುವಿಗೆ ನವಿಲು ಸಾಕು, ಒಪ್ಪುತ್ತೇವೆ. ಆದರೆ ನಮ್ಮ ಸಂಘದಲ್ಲಿ ಹದಿನೈದರ ಮಕ್ಕಳಿಗೂ ನವಿಲೇ. ಅದಕ್ಕೇ ಅವರು ಹನ್ನೆರಡು ದಾಟಿದೊಡನೆ ಸಮಾರಂಭಕ್ಕೆ ಬರುವುದನ್ನು ನಿಲ್ಲಿಸುತ್ತಾರೆ, ಬಂದರೂ ಮೂಲೆಯಲ್ಲಿ ಫೋನು ಹಿಡಿದು ಕೂರುತ್ತಾರೆ. ಅವರಿಗೆ ಭಾರತದಲ್ಲಿ ಆಸಕ್ತಿಯಿಲ್ಲವೆಂದು ದೂರುತ್ತೇವೆ. ಆಸಕ್ತಿ ಹುಟ್ಟಿಸುವಂಥದೇನನ್ನು ಅವರ ಮುಂದಿಟ್ಟಿದ್ದೇವೆ?

‘ಸಂಘದಲ್ಲಿ ರಾಜಕೀಯ ಬೇಡ’ ಎಂಬುದು ಎರಡನೆಯದು. ಪಕ್ಷರಾಜಕೀಯ ಬೇಡವೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ 1938, 1949, 1973, 1975 ಇವು ಇತಿಹಾಸದ ಇಸವಿಗಳು. ಯಾವ ಪಕ್ಷದವರ ಅಜ್ಜಂದಿರಿಗೆ ಮುಜುಗರವಾಗುತ್ತದೆಂದು ಲೆಕ್ಕ ಹಾಕಿ ಇತಿಹಾಸವನ್ನು ಅಡಗಿಸುವುದೇ ನಿಜವಾದ ಪಕ್ಷರಾಜಕೀಯ. ಇಂದು ಒಂದು ಪಕ್ಷಕ್ಕೆ ಇರಿಯುವ ಪ್ರಶ್ನೆ ನಾಳೆ ಇನ್ನೊಂದಕ್ಕೆ ಇರಿಯುತ್ತದೆ. ಸಂವಿಧಾನದ ಎಲ್ಲೆಗಲ್ಲು ಎಲ್ಲರಿಗೂ ಒಂದೇ.

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಮನಸ್ಸಿನಲ್ಲಿ ಅನೇಕರಿಗಿದೆ. ‘ಹೇಗೂ ಮಕ್ಕಳು ಜರ್ಮನರಾಗುವವರು, ಇಷ್ಟೆಲ್ಲ ಏಕೆ?’ 2024ರ ಜೂನ್ 27ರಿಂದ ಜರ್ಮನಿ ಎರಡು ಪೌರತ್ವಗಳನ್ನು ಒಪ್ಪಿದೆ, ಭಾರತ ಒಪ್ಪುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ಪಡೆದ ದಿನ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಒಸಿಐ ಕಾರ್ಡು ವೀಸಾದ ತೊಂದರೆಯನ್ನು ತಪ್ಪಿಸುತ್ತದೆ, ಮತದಾನದ ಹಕ್ಕನ್ನು ಕೊಡುವುದಿಲ್ಲ. ಆ ನಿರ್ಧಾರದ ಮುಂದೆ ನಮ್ಮ ಅನೇಕ ಮನೆಗಳು ಈಗ ನಿಂತಿವೆ. ಹಾಗೆ ಕಾಗದದ ನಂಟು ಕಡಿದ ಮೇಲೆ ಉಳಿಯುವುದು ತಿಳಿವಳಿಕೆಯ ನಂಟು ಮಾತ್ರ. ನವಿಲು, ಹುಲಿ, ಕಮಲಗಳ ಪಟ್ಟಿ ಆ ಭಾರವನ್ನು ಹೊರಲಾರದು. ಅದಲ್ಲದೆ, ಜರ್ಮನಿಯ ಒಳ್ಳೆಯ ಪೌರರಾಗುವುದಕ್ಕೂ ಈ ತಿಳಿವಳಿಕೆ ಬೇಕು. ಬಹುಮತಕ್ಕೂ ಒಂದು ಎಲ್ಲೆಯಿದೆ ಎಂಬುದನ್ನು ವೈಮಾರ್‌ನಿಂದಲೂ ಎಡನೀರಿನಿಂದಲೂ ಕಲಿತ ಮಗು ಎರಡು ದೇಶಗಳಿಗೂ ಉಪಯುಕ್ತ.

ಟೀಕಿಸಿದವರು ದಾರಿಯನ್ನೂ ತೋರಿಸಬೇಕು. ಬರುವ ರಾಜ್ಯೋತ್ಸವದಿಂದ ಮಾಡಬಹುದಾದ ಬದಲಾವಣೆಗಳನ್ನು ಕಾರ್ಯಕಾರಿ ಸಮಿತಿಯ ಮುಂದೆ ಇಟ್ಟಿದ್ದೇವೆ. ಪ್ರತಿ ಪ್ರಶ್ನೆಯ ಕೆಳಗೆ ‘ನಿನಗೆ ಇದು ಹೇಗೆ ಗೊತ್ತು?’ ಎಂಬ ಎರಡನೆಯ ಸಾಲು ಇರಲಿ. ಉತ್ತರಕ್ಕೆ ಒಂದು ಅಂಕವಾದರೆ ಆಧಾರಕ್ಕೆ ಎರಡು. ಹತ್ತು ವರ್ಷ ದಾಟಿದ ಮಕ್ಕಳಿಗೆ ಪ್ರಶ್ನೆಗಳನ್ನು ಒಂದು ತಿಂಗಳು ಮೊದಲೇ ಕೊಡೋಣ, ಅವರು ಹುಡುಕಿ, ಅಜ್ಜ ಅಜ್ಜಿಯರನ್ನು ಫೋನಿನಲ್ಲಿ ಕೇಳಿ, ಕನ್ನಡದಲ್ಲಿಯೋ ಜರ್ಮನ್‌ನಲ್ಲಿಯೋ ಐದು ನಿಮಿಷ ಮಾತಾಡಲಿ. 1975ರಲ್ಲಿ ನಿಮ್ಮ ಊರಿನಲ್ಲಿ ಏನಾಯಿತೆಂದು ಮೊಮ್ಮಗಳು ಕೇಳಿದರೆ ಹೇಳಲು ಬಹಳ ಇರುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರು ಎಷ್ಟು ದಿನ ಇರುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಪ್ರತಿ ಸಮಾರಂಭದಲ್ಲಿ ಇತ್ಯರ್ಥವಾಗದ ಒಂದು ಪ್ರಶ್ನೆಯನ್ನು ಇಟ್ಟು, ಎರಡೂ ಪಕ್ಷ ವಹಿಸಿ ವಾದಿಸಲು ಬಿಡೋಣ. ವೇದಿಕೆಯ ಧ್ವಜವನ್ನು ಬೆಂಗೇರಿಯಿಂದ ತರಿಸೋಣ. ಊರಿಗೆ ಹೋಗಿಬರುವ ಯಾವುದಾದರೂ ಕುಟುಂಬದ ಪೆಟ್ಟಿಗೆಯಲ್ಲಿ ಒಂದು ಖಾದಿ ಧ್ವಜಕ್ಕೆ ಜಾಗ ಸಿಕ್ಕೀತು. ಕೊನೆಯದಾಗಿ, ಉತ್ತರಪಟ್ಟಿಯಲ್ಲಿ ತಪ್ಪು ಕಂಡುಹಿಡಿದ ಮಗುವಿಗೆ ಎಲ್ಲಕ್ಕಿಂತ ದೊಡ್ಡ ಬಹುಮಾನವಿರಲಿ.

ಈ ಕೊನೆಯ ಬಹುಮಾನವನ್ನು ಮೊದಲು ಯಾರಿಗೆ ಕೊಡಬೇಕೆಂಬ ಬಗ್ಗೆ ಸಂಪಾದಕ ಬಳಗದಲ್ಲಿ ಚರ್ಚೆಯೇ ಆಗಲಿಲ್ಲ. ನವೆಂಬರ್‌ನಲ್ಲಿ ಅವಳನ್ನು ವೇದಿಕೆಗೆ ಕರೆದಾಗ, ‘ಯಾವುದೂ ಇಲ್ಲ’ ಎಂಬ ಉತ್ತರ ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳುವವರಿದ್ದೇವೆ. ಜನವರಿಯಲ್ಲಿಯೇ ಕೇಳಬೇಕಾಗಿದ್ದ ಪ್ರಶ್ನೆ ಅದು.

— ಸಂಪಾದಕ ಬಳಗ